ಮಲೆನಾಡಿನಲ್ಲಿ ಮನೆ: ಮೊದಲು ನೀರಿಗೆ ದಾರಿ, ಆಮೇಲೆ ಚಂದ

ಗುಡ್ಡದ ಮೇಲೆ ಹಳೆ ಮನೆಯ ಥರ ಕಾಣುವ, ಕರೆಂಟ್ ಕಮ್ಮಿ ತಿನ್ನುವ ಮನೆ ಕಟ್ಟುವ ಬಗ್ಗೆ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಕಡೆಯಿಂದ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ ಇದೆ. ಅಲ್ಲಿ ಇಳಿಜಾರಿನಲ್ಲಿ 1,200 ಚದರಡಿ ಮನೆ ಕಟ್ಟಬೇಕು. ಜೆಸಿಬಿಯಲ್ಲಿ ಜಾಗ ಮಟ್ಟ ಮಾಡಿ, ಆರ್‌ಸಿಸಿ ಹಾಕಿ, ಅದರ ಮೇಲೆ ಹೆಂಚು ಅಂಟಿಸೋಣ ಅಂತಾರೆ ಎಂಜಿನಿಯರ್. ನನ್ನ ಹೆಂಡತಿಗೆ ವಿದೇಶದ ಫೋಟೋಗಳಲ್ಲಿ ಕಾಣುವಂಥ ಪೂರ್ತಿ ಮರದ ಮನೆ ಇಷ್ಟ. ಯಾವುದು ಒಳ್ಳೆಯದು?

ಉತ್ತರ: ನೇರವಾಗಿ ಹೇಳಬೇಕೆಂದರೆ ಎರಡೂ ಬೇಡ.

ಮೊದಲು ಜೆಸಿಬಿ ವಿಚಾರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಕೊಡಗಿನವರಿಗೆ ನಾನು ಹೇಳಬೇಕಿಲ್ಲ. ವಿಪರೀತ ಮಳೆ ಬಂತು, ನಿಜ. ಆದರೆ ರಸ್ತೆಗೆ, ಮನೆಗೆ ಅಂತ ಗುಡ್ಡ ಕಡಿದು ನೆಟ್ಟಗೆ ನಿಲ್ಲಿಸಿದ ಧರೆಗಳೂ ಕುಸಿತಕ್ಕೆ ಕಾರಣವಾದವು. ಇಳಿಜಾರನ್ನು ಒಂದೇ ಮಟ್ಟಕ್ಕೆ ತಂದರೆ ಮನೆಯ ಅರ್ಧ ಭಾಗ ಗಟ್ಟಿ ನೆಲದ ಮೇಲೆ ಕೂರುತ್ತದೆ, ಉಳಿದರ್ಧ ತುಂಬಿಸಿದ ಸಡಿಲ ಮಣ್ಣಿನ ಮೇಲೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯಲ್ಲಿ ಬಿರುಕು ಕಾಣುತ್ತದೆ. ಹಿಂದಿನ ಧರೆ ಯಾವಾಗ ಜಾರುತ್ತದೋ ಅನ್ನುವ ಭಯ ಬೇರೆ.

ಅದರ ಬದಲು ಮನೆಯನ್ನೇ ಎರಡು ಮೂರು ಮಟ್ಟಗಳಾಗಿ ಒಡೆಯಿರಿ. ಜಗಲಿ ಮತ್ತು ಹಜಾರ ಒಂದು ಮಟ್ಟದಲ್ಲಿ, ನಾಲ್ಕು ಮೆಟ್ಟಿಲು ಕೆಳಗೆ ಅಡುಗೆಮನೆ, ಬಚ್ಚಲು. ಮನೆಯ ಉದ್ದ ಗುಡ್ಡದ ಅಡ್ಡಕ್ಕೆ ಬರಲಿ. ಆಗ ಧರೆ ಕಡಿಯುವುದು ಬಹಳ ಕಮ್ಮಿಯಾಗುತ್ತದೆ. ಮನೆಯ ಮೇಲ್ಭಾಗದಲ್ಲಿ, ಗೋಡೆಯಿಂದ ಸಾಕಷ್ಟು ದೂರದಲ್ಲಿ ಒಂದು ಕಲ್ಲು ಕಟ್ಟಿದ ಚರಂಡಿ ಬೇಕೇ ಬೇಕು. ಗುಡ್ಡದಿಂದ ಇಳಿಯುವ ನೀರು ಮನೆಯನ್ನು ಬಳಸಿಕೊಂಡು ಹೋಗಲಿ. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬರಲು ಪೈಪ್ ಇಡಿಸಿ, ಹಿಂದೆ ಜಲ್ಲಿ ತುಂಬಿಸಿ. ಪೈಪ್ ಇಲ್ಲದ ತಡೆಗೋಡೆ ಮಣ್ಣಿನ ಜೊತೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ. ಇಂಗುಗುಂಡಿ ಧರೆಯ ಮೇಲ್ಭಾಗದಲ್ಲಿ ಬೇಡವೇ ಬೇಡ.

ಇನ್ನೊಂದು ಮಾತು. ಜಾಗವನ್ನು ಫೆಬ್ರವರಿಯಲ್ಲಿ ನೋಡಿ ಒಪ್ಪಬೇಡಿ. ಜುಲೈಯಲ್ಲಿ ಹೋಗಿ ನಿಂತು ನೋಡಿ. ಎಲ್ಲಿ ಜಲ ಏಳುತ್ತದೆ, ಎಲ್ಲಿ ಮರಗಳು ಕೆಳಕ್ಕೆ ವಾಲಿವೆ, ಎಲ್ಲಿ ನೆಲ ಸೀಳಿದೆ ಅಂತ ಆಗಲೇ ಗೊತ್ತಾಗುವುದು.

ಮರದ ಮನೆ ಕೆನಡಾ, ನಾರ್ವೆಯಂಥ ಹಿಮದ ದೇಶಕ್ಕೆ ಸರಿ. ಅಲ್ಲಿ ದಪ್ಪ ದಿಮ್ಮಿಯೇ ಚಳಿ ತಡೆಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ದಿಮ್ಮಿ ಒಣಗುವುದೇ ಇಲ್ಲ. ಬೂಷ್ಟು, ಆಮೇಲೆ ಗೆದ್ದಲು. ವರ್ಷ ವರ್ಷ ಪಾಲಿಶ್ ಹೊಡೆಸಲು ಸಿದ್ಧ ಇದ್ದರೆ ಬೇರೆ ಮಾತು. ಮರವನ್ನು ಮಾಡಿನ (ಚಾವಣಿಯ) ಕೆಳಗೆ, ಒಣಗಿರುವ ಜಾಗದಲ್ಲಿ ಬಳಸಿ: ಜಗಲಿಯ ಕಂಬ, ತೊಲೆ, ಅಟ್ಟದ ಹಲಗೆ, ಬಾಗಿಲು. ನಿಮ್ಮ ಮನೆಯವರಿಗೆ ಬೇಕಾದ ಕಳೆ ಅಷ್ಟರಲ್ಲೇ ಬರುತ್ತದೆ.

ಇನ್ನು ಮಾಡಿನ ವಿಚಾರ. ಆರ್‌ಸಿಸಿ ಮೇಲೆ ಹೆಂಚು ಅಂಟಿಸುವುದು ನನಗೆ ಸ್ವಲ್ಪವೂ ಹಿಡಿಸದ ಕೆಲಸ. ಸ್ಲ್ಯಾಬಿನ ಕಬ್ಬಿಣ, ಸಿಮೆಂಟ್ ಎಲ್ಲದಕ್ಕೂ ಖರ್ಚು ಮಾಡುತ್ತೀರಿ. ಅಂಟಿಸಿದ ಗಾರೆಯೊಳಗೆ ನೀರು ಇಳಿದು ಅಲ್ಲೇ ಕೂರುತ್ತದೆ, ಒಳಗಿನ ಚಾವಣಿ ಬೆವರುತ್ತದೆ. ಹೆಂಚು ಆಗ ಬರೀ ವೇಷ. ಮಂಗಳೂರು ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದಾಗಿನಿಂದ ಆ ಹೆಂಚು ಕೆಲಸ ಮಾಡುವುದು ಪಕಾಸು (ಮಾಡಿನ ಓರೆ ತೊಲೆ), ರೀಪಿನ (ಅದರ ಮೇಲಿನ ಅಡ್ಡ ಪಟ್ಟಿ) ಮೇಲೆ ಸುಮ್ನೆ ಕೂತು. ಸಂದಿಯಲ್ಲಿ ಗಾಳಿ ಆಡುತ್ತದೆ, ನೆನೆದದ್ದು ಬೇಗ ಒಣಗುತ್ತದೆ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಪಕಾಸಿಗೆ ಮರ ದುಬಾರಿಯಾದರೆ ಕಬ್ಬಿಣದ ಪೈಪ್ ಹಾಕಿ, ತಪ್ಪೇನಿಲ್ಲ. ಇಳಿಜಾರು 30 ಡಿಗ್ರಿ ಆಸುಪಾಸು ಇರಲಿ. ಸೂರು ಗೋಡೆಯಿಂದ 3ರಿಂದ 4 ಅಡಿ ಮುಂದೆ ಚಾಚಲಿ. ಗಾಳಿ ಜೋರಿರುವ ಜಾಗದಲ್ಲಿ ಅಂಚಿನ ಸಾಲುಗಳನ್ನು ತಂತಿಯಿಂದ ಕಟ್ಟಿಸಿ.

ಮಲಗುವ ಕೋಣೆಗಳ ಮೇಲೆ ಹಲಗೆಯ ಅಟ್ಟ ಮಾಡಿಸಿ. ಹಿಂದೆ ಅಲ್ಲಿ ಅಡಿಕೆ, ಮೆಣಸು ಇಡುತ್ತಿದ್ದರು. ಈಗ ಏನೂ ಇಡದಿದ್ದರೂ ಹೆಂಚಿಗೂ ಕೋಣೆಗೂ ನಡುವೆ ನಿಂತ ಗಾಳಿ ಚಳಿ, ಸೆಕೆ ಎರಡನ್ನೂ ತಡೆಯುತ್ತದೆ. ಉಳಿದ ಕಡೆ ಅಲ್ಲಲ್ಲಿ ಗಾಜಿನ ಹೆಂಚು ಹಾಕಿ.

ಇದೆಲ್ಲ ಕರೆಂಟ್ ಉಳಿತಾಯಕ್ಕೆ ಹೇಗೆ ಸಂಬಂಧ ಅಂತ ಕೇಳುತ್ತೀರಿ, ಅಲ್ವಾ? ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಂಥ ಊರಿಗೆ ಎಸಿ ಬೇಡ. ಹೀಟರ್ ಕೂಡ ಹೆಚ್ಚು ದಿನ ಬೇಕಾಗುವುದಿಲ್ಲ. ಅಲ್ಲಿ ಮೀಟರ್ ಓಡಿಸುವುದು ಗೀಸರ್, ಮಳೆಗಾಲದ ಹಗಲಲ್ಲೂ ಉರಿಯುವ ದೀಪ, ಬಟ್ಟೆ ಒಣಗಿಸುವ ಯಂತ್ರ, ಬೀರುವಿನಲ್ಲಿ ಬೂಷ್ಟು ಬರದಂತೆ ಇಡುವ ತೇವ ಹೀರುವ ಯಂತ್ರ. ಅಂದರೆ ತೇವ ಮತ್ತು ಕತ್ತಲೆ. ಗೋಡೆ ಒಣಗಿದ್ದು ಬೆಳಕು ಒಳಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಹಾಗಾಗಿ ವ್ಯೂ ಚೆನ್ನಾಗಿದೆ ಅಂತ ನೈಋತ್ಯಕ್ಕೆ ನೆಲದಿಂದ ಚಾವಣಿವರೆಗೆ ಗಾಜು ಹಾಕಿಸಬೇಡಿ. ಮುಂಗಾರು ಬಡಿಯುವುದೇ ಆ ಕಡೆಯಿಂದ. ಅಲ್ಲಿ ಅಗಲವಾದ ಜಗಲಿ ಮಾಡಿ, ಅದರ ಒಳಗೆ ಕಿಟಕಿ ಇಡಿ. ಜಗಲಿಯಲ್ಲಿ ಕೂತರೂ ಅದೇ ವ್ಯೂ ಕಾಣುತ್ತದೆ.

ಪ್ರಶ್ನೆ: ನಮ್ಮದು ಕೊಪ್ಪ. ಪಾಯದಿಂದ ತೆಗೆದ ಮಣ್ಣಲ್ಲೇ ಇಟ್ಟಿಗೆ ಒತ್ತಿ ಗೋಡೆ ಕಟ್ಟಬಹುದು ಅಂತ ಕೇಳಿದೆ. ನಮ್ಮ ಮಳೆಗೆ ಕರಗಿ ಹೋಗಲ್ವಾ?

ಉತ್ತರ: ಸರಿಯಾಗಿ ಮಾಡಿದರೆ ಕರಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ. ಭಟ್ಟಿಯಲ್ಲಿ ಸುಡುವ ಕೆಲಸವಿಲ್ಲ, ಸೌದೆ ಉಳಿಯಿತು. ಲಾರಿ ಬಾಡಿಗೆಯೂ ಉಳಿಯಿತು.

ಆದರೆ ಮಲೆನಾಡಿನ ಮಣ್ಣಲ್ಲಿ ಜೇಡಿ ಜಾಸ್ತಿ. ಹಾಗೇ ಒತ್ತಿದರೆ ಒಣಗುವಾಗ ಬಿರಿಯುತ್ತದೆ. ಗಾಜಿನ ಬಾಟಲಿಗೆ ಅರ್ಧ ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ, ಒಂದು ದಿನ ಬಿಡಿ. ಮರಳು ತಳದಲ್ಲಿ ಕೂರುತ್ತದೆ, ಜೇಡಿ ಮೇಲಿರುತ್ತದೆ. ಮರಳಿನ ಪದರ ಮೂರರಲ್ಲಿ ಎರಡು ಪಾಲಿಗಿಂತ ಕಮ್ಮಿ ಕಂಡರೆ ಮರಳೋ ಕ್ವಾರಿ ಪುಡಿಯೋ ಬೆರೆಸಬೇಕು. ಇದು ಅಂದಾಜು ಅಷ್ಟೇ. ದೊಡ್ಡ ಪ್ರಮಾಣದಲ್ಲಿ ಒತ್ತಿಸುವ ಮೊದಲು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಮೇಲಿನ ಕಪ್ಪು ಮಣ್ಣು, ಬೇರು, ತರಗೆಲೆ ಇರುವುದು ಬೇಡ, ಅದು ತೋಟಕ್ಕಿರಲಿ.

ಜನವರಿಯಲ್ಲಿ ಒತ್ತಲು ಶುರು ಮಾಡಿ. ಮೂರು ವಾರ ನೆರಳಲ್ಲಿಟ್ಟು ನೀರು ಹೊಡೆಯಬೇಕು. ಈ ಮೂರು ವಾರ ತಪ್ಪಿಸಲು ಮೇಸ್ತ್ರಿಗಳು ಹತ್ತು ಕಾರಣ ಹೇಳುತ್ತಾರೆ, ಒಪ್ಪಬೇಡಿ. ಪಾಯ, ಮತ್ತು ನೆಲದಿಂದ ಎರಡೂವರೆ ಅಡಿವರೆಗಿನ ಗೋಡೆ ಕಲ್ಲಿನದ್ದಾಗಿರಲಿ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವುದು ಆ ಎತ್ತರದವರೆಗೆ. ಕಲ್ಲಿಗೂ ಒತ್ತಿದ ಇಟ್ಟಿಗೆಗೂ ನಡುವೆ ತೇವ ಏರದಂತೆ ಕಾಂಕ್ರೀಟ್ ಪಟ್ಟಿ ಹಾಕಿಸಿ. ಮಳೆ ಬಡಿಯುವ ಗೋಡೆಗೆ ಸುಣ್ಣದ ಗಾರೆ ಸಾಕು. ಹಿಂದಿನವರು ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗಲೂ ಕಟ್ಟಬಹುದು, ನಾಚಿಕೆ ಯಾಕೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯವರು ನಾವು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ನಾಲ್ಕೈದು ದಿನ ಕರೆಂಟ್ ಇರಲ್ಲ. ಸೋಲಾರ್ ಹಾಕಿಸಿದರೆ ಸಾಕಾ?

ಉತ್ತರ: ಜುಲೈ ತಿಂಗಳಲ್ಲಿ ಸೋಲಾರ್ ನಂಬಿ ಕೂರಬೇಡಿ. ಮೋಡ ಕವಿದ ದಿನ ಪ್ಯಾನಲ್ ಕೊಡುವುದು ಬಹಳ ಕಮ್ಮಿ. ನಿಮ್ಮ ಜಾಗದಲ್ಲಿ ಹಳ್ಳ ಇದೆಯಾ? ಇದ್ದರೆ ಕಿರು ಟರ್ಬೈನ್ ಯೋಚಿಸಿ. ಪಶ್ಚಿಮ ಘಟ್ಟದ ಎಷ್ಟೋ ತೋಟದ ಮನೆಗಳಲ್ಲಿ ಇದೆ.

ಲೆಕ್ಕ ಸುಲಭ. ಹಳ್ಳದ ನೀರನ್ನು ಪೈಪಿನಲ್ಲಿ ತಿರುಗಿಸಿ 200 ಲೀಟರ್ ಡ್ರಮ್ಮಿಗೆ ಬಿಡಿ. 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್ ಆಯಿತು. ಆ ನೀರು 20 ಮೀಟರ್ ಕೆಳಗೆ ಇಳಿಯುತ್ತದೆ ಅನ್ನಿ. 5, 20, 9.8 ಈ ಮೂರನ್ನು ಗುಣಿಸಿದರೆ 980 ವ್ಯಾಟ್. ಪೈಪ್, ಯಂತ್ರದ ನಷ್ಟ ಕಳೆದು ಅರ್ಧ ಸಿಕ್ಕರೂ ಸುಮಾರು 500 ವ್ಯಾಟ್. ಕಮ್ಮಿ ಅನ್ನಿಸುತ್ತದೆ, ಆದರೆ ಇದು ಹಗಲು ರಾತ್ರಿ ಓಡುತ್ತದೆ. ದಿನಕ್ಕೆ 12 ಯೂನಿಟ್! ದೀಪ, ಫ್ರಿಜ್, ಟಿವಿ, ಇಂಟರ್ನೆಟ್ ಎಲ್ಲಕ್ಕೂ ಸಾಕಾಗಿ ಮಿಗುತ್ತದೆ. ಮಿಕ್ಕ ಕರೆಂಟನ್ನು ಎಲ್ಲಾದರೂ ಖರ್ಚು ಮಾಡಲೇಬೇಕು, ಇಲ್ಲದಿದ್ದರೆ ಟರ್ಬೈನಿನ ವೇಗ ಏರುತ್ತದೆ. ಅದನ್ನು ನೀರು ಕಾಯಿಸುವ ಕಾಯಿಲ್‌ಗೆ ಬಿಡಿ, ಸ್ನಾನಕ್ಕಾಯಿತು. ಪೈಪಿನ ಬಾಯಿಗೆ ಜಾಲರಿ ಹಾಕಿ, ತರಗೆಲೆ ಆಗಾಗ ತೆಗೆಯುತ್ತಿರಬೇಕು. ನೀರು ವಾಪಸ್ ಅದೇ ಹಳ್ಳಕ್ಕೆ ಸೇರಲಿ. ಕೆಳಗಿನ ಗದ್ದೆಯವರ ಜೊತೆ ಮೊದಲೇ ಮಾತಾಡಿ.

ಹಳ್ಳ ಬತ್ತುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಆಗ ಸೋಲಾರ್ ನಡೆಯುತ್ತದೆ. ಎರಡೂ ಇದ್ದರೆ ಬ್ಯಾಟರಿ ಚಿಕ್ಕದು ಸಾಕು.

ಪ್ರಶ್ನೆ: ಚಿಕ್ಕಮಗಳೂರಿನ ಮನೆಗೆ ಅಗ್ಗಿಷ್ಟಿಕೆ ಬೇಕು ಅಂತ ಮಕ್ಕಳ ಹಟ. ಎಷ್ಟು ದೊಡ್ಡದು ಮಾಡಿಸಲಿ?

ಉತ್ತರ: ತೆರೆದ ಅಗ್ಗಿಷ್ಟಿಕೆ ನೋಡಲು ಚಂದ, ಶಾಖದ ಬಹುಪಾಲು ಚಿಮಣಿಯಲ್ಲಿ ಹೋಗುತ್ತದೆ. ಕೋಣೆಯ ಬೆಚ್ಚಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಬಾಗಿಲಿರುವ ಚಿಕ್ಕ ಕಬ್ಬಿಣದ ಒಲೆ ತಗೊಳ್ಳಿ. ಹೊರಗೋಡೆಗೆ ಅಂಟಿಸದೆ ಮನೆಯ ನಡುವೆ ಇಡಿ. ನಿಜವಾಗಿ ಅದು ಉಪಯೋಗಕ್ಕೆ ಬರುವುದು ಡಿಸೆಂಬರ್‌ಗಿಂತ ಜಾಸ್ತಿ ಆಗಸ್ಟ್‌ನಲ್ಲಿ, ಬಟ್ಟೆ ಒಣಗಿಸಲು! ಬಚ್ಚಲ ಹಂಡೆಯ ಒಲೆಯನ್ನಂತೂ ಕೀಳಿಸಬೇಡಿ. ಕಾಫಿ ಗಿಡ ಸವರಿದ ಕಡ್ಡಿ, ಅಡಿಕೆ ಸಿಪ್ಪೆ ಬಿಟ್ಟಿ ಸಿಗುವಾಗ ಗೀಸರ್ ಯಾಕೆ?

ಪ್ರಶ್ನೆ: ಮೂಡಿಗೆರೆಯಲ್ಲಿ ಒಂದು ಹಳೆ ಮನೆ ಬಿಚ್ಚುತ್ತಿದ್ದಾರೆ. ಅದರ ಕಂಬ, ತೊಲೆ ಕೊಳ್ಳಬಹುದಾ?

ಉತ್ತರ: ಖಂಡಿತ. ಹಳೆ ಹೊನ್ನೆ, ಮತ್ತಿ, ತೇಗ ಚೆನ್ನಾಗಿ ಒಣಗಿರುತ್ತದೆ, ಇನ್ನು ಬಾಗುವುದಿಲ್ಲ. ಗೋಡೆಯೊಳಗೆ ಕೂತಿದ್ದ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಿ, ಗೆದ್ದಲು ಹಿಡಿಯುವುದು ಅಲ್ಲೇ. ಮೊಳೆ ಎಲ್ಲ ಕೀಳಿಸಿ, ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ನೀರು ಹಚ್ಚಿಸಿ. ಬಿಲ್ ಕೇಳಿ ಪಡೆಯಿರಿ, ಸಾಗಿಸುವ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಮನೆಯ ನಕ್ಷೆ ಮಾತ್ರ ಮರ ಕೊಂಡ ಮೇಲೆ ಬರೆಸಿ. ನಕ್ಷೆ ಮೊದಲು ಬರೆಸಿದರೆ 14 ಅಡಿ ತೊಲೆಯನ್ನು 11 ಅಡಿಗೆ ಕೊಯ್ಯಿಸಬೇಕಾಗುತ್ತದೆ.