‘ಬಲ ಬೇಕು, ಗಾತ್ರ ಬೇಡ’ ಎಂದು ಬರೆದವರಿಗೆಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಕಳೆದ ಸಲವೂ ಅದೇ. ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಒಬ್ಬರ ಪತ್ರ ಎತ್ತಿಕೊಂಡು ಉದ್ದಕ್ಕೆ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಸ್ಕ್ವಾಟ್‌ಗೆ (ಬಾರ್ ಹೊತ್ತು ಕೂತು ಏಳುವುದು) ಹೇಗೆ ಕೂರಬೇಕು, ಬಾರ್ ಹೇಗೆ ಹಿಡಿಯಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಓದಿ ಬರುವ ವಿದ್ಯೆಯಲ್ಲ. ತಪ್ಪಿದರೆ ಬೈಯುವವರು ಪಕ್ಕದಲ್ಲಿ ಇರಬೇಕು.

ಪ್ರಶ್ನೆ: ನನಗೆ 26 ವರ್ಷ, ಹುಬ್ಬಳ್ಳಿಯಲ್ಲಿ ಕೆಲಸ. ತೂಕ 58 ಕೆಜಿ. ಎಂಟು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ನನಗೆ ಬಲ ಬೇಕು, ಆದರೆ ಮೈ ದಪ್ಪ ಆಗಬಾರದು. ‘ಭಾರ ಜಾಸ್ತಿ ಹಾಕಿದ್ರೆ ಗಾತ್ರ ಬರುತ್ತೆ, ಕಡಿಮೆ ಹಾಕಿ 20 ರೆಪ್ ಹೊಡಿ’, ಅಂದರೆ ಒಂದೇ ಸಮ 20 ಸಲ ಎತ್ತು, ಅನ್ನುತ್ತಾರೆ ಟ್ರೇನರ್. 40 ಕೆಜಿ ಸ್ಕ್ವಾಟ್‌ನಲ್ಲೇ ನಿಂತುಬಿಟ್ಟಿದ್ದೇನೆ. 49 ಕೆಜಿ ಮೈತೂಕದ ವಿಭಾಗದಲ್ಲಿ ಸ್ಪರ್ಧಿಸುತ್ತಿದ್ದ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅಷ್ಟು ಎತ್ತಿದ್ದು ಹೇಗೆ?

ಉತ್ತರ: ನಿಮ್ಮ ಟ್ರೇನರ್ ಹೇಳಿದ್ದು ಪೂರ್ತಿ ತಲೆಕೆಳಗು. ಕಡಿಮೆ ಭಾರ ಹಾಕಿಕೊಂಡು ಇನ್ನು ಆಗದು ಅನ್ನುವವರೆಗೆ ಹೊಡೆಯುವುದು ಮಾಂಸಖಂಡ ಬೆಳೆಸುವ ಕ್ರಮ. ಆ ವಿಷಯದಲ್ಲಿ ಅದು ಭಾರಿ ತೂಕಕ್ಕೆ ಹೆಚ್ಚೇನೂ ಕಡಿಮೆಯಿಲ್ಲ. ಅಂದರೆ ಗಾತ್ರ ಬೇಡ ಎಂದು ಎಂಟು ತಿಂಗಳು ಗಾತ್ರದ ವ್ಯಾಯಾಮವನ್ನೇ ಮಾಡಿದ್ದೀರಿ. ಆದರೂ ದಪ್ಪ ಆಗಲಿಲ್ಲ, ಯಾಕೆ? ಊಟ ಮೊದಲಿನಷ್ಟೇ ಇತ್ತು, ಅದಕ್ಕೆ. ಗಾತ್ರ ಎನ್ನುವುದು ನಿಮಗೆ ಗೊತ್ತಿಲ್ಲದೆ ರಾತ್ರೋರಾತ್ರಿ ಬಂದು ಮೈಮೇಲೆ ಕೂರುವುದಿಲ್ಲ. ದಿನಕ್ಕೆ ಐದು ಸಲ ತಿಂದೂ ಎರಡು ಕೆಜಿ ಏರಿಸಲಾಗದೆ ಅಳುವ ಹುಡುಗರನ್ನು ನನ್ನ ಹತ್ತಿರ ಕರೆದುಕೊಂಡು ಬರುತ್ತಾರೆ. ನೀವು ನೋಡಿದರೆ ಬಾರ್‌ಗೆ ಇನ್ನೊಂದು ಪ್ಲೇಟ್ ಹಾಕಲು ಹೆದರುತ್ತೀರಿ.

ಈಗ ಮೀರಾಬಾಯಿ ವಿಷಯ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 48 ಕೆಜಿ ವಿಭಾಗದಲ್ಲಿ ಎತ್ತಿದ್ದು ಸ್ನ್ಯಾಚ್ (ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲೆ), ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲೆ) ಎರಡೂ ಸೇರಿ 170 ಕೆಜಿ. 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ಅದೇ 48 ಕೆಜಿ ವಿಭಾಗದಲ್ಲಿ 196. ನಾಲ್ಕು ವರ್ಷ, ವಿಭಾಗ ಅದೇ, ಬಾರ್ ಮೇಲೆ 26 ಕೆಜಿ ಜಾಸ್ತಿ. 2021ರಲ್ಲಿ ತಾಷ್ಕೆಂಟ್‌ನಲ್ಲಿ 49 ಕೆಜಿ ವಿಭಾಗದಲ್ಲಿ ಕ್ಲೀನ್ ಅಂಡ್ ಜರ್ಕ್ ಒಂದರಲ್ಲೇ 119 ಎತ್ತಿ ವಿಶ್ವದಾಖಲೆ ಮಾಡಿದರು. ತಮ್ಮ ಮೈತೂಕದ ಎರಡೂವರೆ ಪಟ್ಟಿನ ಹತ್ತಿರ. ಗಂಡಸರಲ್ಲಿ ಉತ್ತರ ಕೊರಿಯಾದ ಓಮ್ ಯುನ್ ಚೋಲ್ 2015ರಲ್ಲಿ 56 ಕೆಜಿ ವಿಭಾಗದಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲೇ 171 ಎತ್ತಿದರು. ಮೂರು ಪಟ್ಟಿಗಿಂತ ಜಾಸ್ತಿ.

ಇದು ಹೇಗೆ ಸಾಧ್ಯ? ಊರ ತೇರನ್ನು ನೆನೆಸಿಕೊಳ್ಳಿ. ಹಗ್ಗಕ್ಕೆ ಕೈ ಹಾಕಿದವರು ನೂರು ಜನ. ನಿಜವಾಗಿ ಎಳೆಯುವವರು ಎಷ್ಟು? ಕೆಲವರು ಸುಮ್ನೆ ಹಿಡಿದುಕೊಂಡಿರುತ್ತಾರೆ. ಕೆಲವರು ಕೂಗು ಮುಗಿದ ಮೇಲೆ ಎಳೆಯುತ್ತಾರೆ. ಗಾಲಿ ಹತ್ತಿರ ನಿಂತವರು ಹೆದರಿ ಬೇಗ ಮರದ ತುಂಡು ಕೊಟ್ಟುಬಿಡುತ್ತಾರೆ. ತೇರು ಅಲುಗುವುದಿಲ್ಲ. ಆಗ ಎರಡು ದಾರಿ ಇದೆ. ಇನ್ನೂ ಐವತ್ತು ಜನರನ್ನು ಕರೆಸಬಹುದು, ಅದು ಗಾತ್ರ. ಇಲ್ಲವೇ ಇರುವ ನೂರು ಜನರೂ ಒಂದೇ ಕೂಗಿಗೆ ಒಟ್ಟಿಗೆ ಎಳೆಯುವಂತೆ ಮಾಡಬಹುದು. ಕಡಿಮೆ ತೂಕದ ಲಿಫ್ಟರ್‌ಗಳು ವರ್ಷಗಟ್ಟಲೆ ಬೆವರು ಹರಿಸುವುದು ಈ ಎರಡನೆಯದಕ್ಕೆ.

ನಿಮ್ಮ ತೊಡೆಯ ಮಾಂಸಖಂಡದಲ್ಲಿ ಸಾವಿರಾರು ಎಳೆಗಳಿವೆ. ಒಂದೊಂದು ನರ ಒಂದೊಂದು ಗುಂಪಿನ ಎಳೆಗಳನ್ನು ಆಡಿಸುತ್ತದೆ. ಹಗುರ ಕೆಲಸಕ್ಕೆ ಮಿದುಳು ಚಿಕ್ಕ ಗುಂಪುಗಳನ್ನು ಮಾತ್ರ ಎಬ್ಬಿಸುತ್ತದೆ. ದೊಡ್ಡ, ಬಲವಾದ ಗುಂಪುಗಳು ಕೊನೆಗೆ ಏಳುವುದು, ಅದೂ ಭಾರ ನಿಜವಾಗಿ ಜಾಸ್ತಿ ಇದ್ದಾಗ, ಇಲ್ಲವೇ ಸುಸ್ತಾಗಿ ಬೇರೆ ದಾರಿ ಇಲ್ಲದಾಗ. ಭಾರ ಎತ್ತಿ ಎತ್ತಿ ಪಳಗಿದವರಲ್ಲಿ ಈ ದೊಡ್ಡ ಗುಂಪುಗಳು ಬೇಗ ಏಳುತ್ತವೆ, ಅವಕ್ಕೆ ನರದ ಸಂದೇಶವೂ ಜೋರಾಗಿ ಹೋಗುತ್ತದೆ. ಗಾಲಿಗೆ ಮರದ ತುಂಡು ಕೊಡುವವರು ಅಂದೆನಲ್ಲ, ಅವು ಎದುರು ಬದಿಯ ಮಾಂಸಖಂಡಗಳು. ಹೊಸಬರಲ್ಲಿ ಅವೂ ಬಿಗಿಯಾಗಿ ನಿಂತು ನಮ್ಮ ಬಲವನ್ನೇ ತಿನ್ನುತ್ತವೆ. ಪಳಗಿದ ಮೇಲೆ ಬಿಡಬೇಕಾದಾಗ ಬಿಡುತ್ತವೆ.

ಇದು ಬರೀ ಕಥೆ ಅನ್ನಿಸಿದರೆ ಒಂದು ವಿಷಯ ಕೇಳಿ. ಒಂದು ಕಾಲಿಗೆ ಮಾತ್ರ ಕೆಲವು ವಾರ ಭಾರದ ವ್ಯಾಯಾಮ ಮಾಡಿಸಿದರೆ ಏನೂ ಮಾಡದ ಇನ್ನೊಂದು ಕಾಲಿಗೂ ಸ್ವಲ್ಪ ಬಲ ಬರುತ್ತದೆ. ಅಳತೆ ಪಟ್ಟಿ ಹಿಡಿದರೆ ಆ ಕಾಲು ದಪ್ಪ ಆಗಿರುವುದಿಲ್ಲ. ಹಾಗಾದರೆ ಬಲ ಎಲ್ಲಿಂದ ಬಂತು? ನರಗಳಿಂದಲೇ ಅಲ್ವಾ?

ಹಾಗಾಗಿ ಮಾಡಬೇಕಾದ್ದು ಇಷ್ಟು. ವಾರಕ್ಕೆ ಮೂರು ದಿನ. ಒಳ್ಳೆಯ ಭಂಗಿಯಲ್ಲಿ ಐದು ಸಲ ಎತ್ತಬಲ್ಲ ಭಾರ ಎಷ್ಟೆಂದು ಮೊದಲು ನೋಡಿಕೊಳ್ಳಿ. 60 ಕೆಜಿ ಎಂದುಕೊಳ್ಳೋಣ. ಅದರಲ್ಲಿ ಐದು ಸಲ ಎತ್ತಬೇಡಿ, ಮೂರಕ್ಕೇ ನಿಲ್ಲಿಸಿ. ಆ ಮೂರು ಸಲ ಎತ್ತಿದ್ದು ಒಂದು ಸೆಟ್. ಅಂಥ ಐದು ಸೆಟ್. ನಡುವೆ ಮೂರರಿಂದ ಐದು ನಿಮಿಷ ಸುಮ್ನೆ ಕೂತಿರಿ. ಹೌದು, ಐದು ನಿಮಿಷ. ಜಿಮ್‌ನಲ್ಲಿ ಬೇರೆಯವರು ‘ಇವನೇನು ಕೂರೋಕೆ ಬರ್ತಾನಾ’ ಎಂದು ನೋಡುತ್ತಾರೆ, ನೋಡಲಿ. ಬೆವರಿ ಏದುಸಿರು ಬಿಡುತ್ತಾ ಮುಂದಿನ ಸೆಟ್‌ಗೆ ಹೋದರೆ ಅದು ಗಾತ್ರದ ಕೆಲಸವೋ ದಮ್ಮಿನ ಕೆಲಸವೋ ಆಗುತ್ತದೆ. ನರ ಹೊಸದಾಗಿ ಏನೂ ಕಲಿಯುವುದಿಲ್ಲ. ಎಲ್ಲ ಹದಿನೈದು ರೆಪ್‌ಗಳೂ ಚುರುಕಾಗಿ ಮೇಲೆ ಬಂದರೆ ಮುಂದಿನ ವಾರ ಎರಡೂವರೆ ಕೆಜಿ ಹಾಕಿ. ಬಾರ್ ಅರ್ಧದಾರಿಯಲ್ಲಿ ನಿಂತು ನಡುಗಿದರೆ ಹಾಕಬೇಡಿ.

ಈ ಹದಿನೈದರ ಲೆಕ್ಕ ನನ್ನ ತಲೆಯಿಂದ ಬಂದದ್ದಲ್ಲ. ಸೋವಿಯತ್ ಕಾಲದಲ್ಲಿ ಪ್ರಿಲೆಪಿನ್ ಎಂಬ ತರಬೇತುದಾರರು ಒಳ್ಳೆಯ ಲಿಫ್ಟರ್‌ಗಳ ಅಭ್ಯಾಸದ ಪುಸ್ತಕಗಳನ್ನು ನೋಡಿ ಒಂದು ಪಟ್ಟಿ ಮಾಡಿದ್ದರು. ನೀವು ಒಂದೇ ಸಲ ಎತ್ತಬಲ್ಲ ಭಾರದ ಶೇಕಡ 80ರಿಂದ 90ರ ನಡುವೆ ಕೆಲಸ ಮಾಡುವಾಗ ಒಂದು ಸೆಟ್‌ಗೆ ಎರಡರಿಂದ ನಾಲ್ಕು ರೆಪ್, ಒಟ್ಟು ಸುಮಾರು ಹದಿನೈದು. ಶೇಕಡ 90 ದಾಟಿದರೆ ಒಂದೆರಡು ರೆಪ್‌ನ ಸೆಟ್, ಒಟ್ಟು ಏಳರ ಹತ್ತಿರ. ಇಂದಿಗೂ ಎಷ್ಟೋ ಕೋಚ್‌ಗಳು ಇದನ್ನೇ ಸ್ವಲ್ಪ ಆಚೀಚೆ ಮಾಡಿ ಬಳಸುತ್ತಾರೆ. ಫೇಲ್ ಆಗುವವರೆಗೆ ಹೊಡೆಯುವ ಮಾತೇ ಅದರಲ್ಲಿಲ್ಲ. ದಿನವೂ ಫೇಲ್ ಆಗುವವನು ಬೀಳುವುದನ್ನೇ ಅಭ್ಯಾಸ ಮಾಡುತ್ತಿದ್ದಾನೆ.

ಊಟ ಈಗಿನಷ್ಟೇ ಇರಲಿ, ಅದರಲ್ಲಿ ಪ್ರೋಟೀನ್ ಜಾಸ್ತಿ ಮಾಡಿ. ಮೈತೂಕದ ಪ್ರತಿ ಕೆಜಿಗೆ ಒಂದೂವರೆ ಗ್ರಾಂ ದಾಟಿದರೆ ಸಾಕು. ನಿಮಗೆ 90 ಗ್ರಾಂ ಸುತ್ತಮುತ್ತ. ಮೊಟ್ಟೆ, ಮೊಸರು, ಕಾಳು, ಶೇಂಗಾ, ತಿನ್ನುವವರಾದರೆ ಮೀನು, ಕೋಳಿ. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡ ಮಾತ್ರಕ್ಕೆ ಲೆಕ್ಕ ತುಂಬುವುದಿಲ್ಲ, ತಟ್ಟೆಯಲ್ಲಿ ಕಾಳಿನ ಪಲ್ಯ ದೊಡ್ಡದಾಗಿ ಇರಬೇಕು. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದ ಮೇಲೆ ತೂಕ ನೋಡಿ ಬರೆದಿಡಿ. ಒಂದು ದಿನದ ಏರಿಳಿತಕ್ಕೆ ಗಾಬರಿ ಬೇಡ, ವಾರದ ಸರಾಸರಿ ನೋಡಿ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಆ ಟ್ರೇನರ್ ಸಾಲಿಗೆ ಸೇರುತ್ತೇನೆ. ಅರ್ಧ ಸತ್ಯ ಉಳಿದಿದೆ.

ಒಂದು, ಈ ಲಿಫ್ಟರ್‌ಗಳು ತೆಳ್ಳಗಿದ್ದಾರೆ ಅನ್ನುವುದೇ ತಪ್ಪು. ಟರ್ಕಿಯ ನಯಿಮ್ ಸುಲೇಮಾನೋಗ್ಲು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 60 ಕೆಜಿ ವಿಭಾಗದಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 190 ಕೆಜಿ ಎತ್ತಿದರು. ಅವರ ಎತ್ತರ ಐದಡಿಯೂ ಇರಲಿಲ್ಲ. ಅಷ್ಟು ಎತ್ತರಕ್ಕೆ 60 ಕೆಜಿ ಅಂದರೆ ಮೈತುಂಬ ಮಾಂಸಖಂಡ. ಕೊಬ್ಬಿಗೆ ಜಾಗ ಇಲ್ಲ. ಮೂಳೆ ಗಿಡ್ಡ, ಬಾರ್ ಹೋಗಬೇಕಾದ ದೂರವೂ ಗಿಡ್ಡ. ನಿಮ್ಮದು ಐದೂವರೆ ಅಡಿ ಆಗಿದ್ದರೆ ಆ 60 ಕೆಜಿಯೇ ಬೇರೆ.

ಎರಡು, ಪಟ್ಟಿನ ಲೆಕ್ಕ ಚಿಕ್ಕವರ ಪರವಾಗಿಯೇ ಇರುತ್ತದೆ. ಜಾರ್ಜಿಯಾದ ಲಾಷಾ ತಲಖಾಡ್ಜೆ 2021ರಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 267 ಕೆಜಿ ಎತ್ತಿದರು. ಅದು ಅವರ ಮೈತೂಕದ ಒಂದೂವರೆ ಪಟ್ಟು ಮಾತ್ರ. ಅವರು ದುರ್ಬಲರಾ? ಬಲ ಏರುವುದು ಮಾಂಸಖಂಡವನ್ನು ಅಡ್ಡ ಕೊಯ್ದರೆ ಕಾಣುವ ವಿಸ್ತೀರ್ಣದ ಮೇಲೆ, ಅಂದರೆ ಅಗಲ, ದಪ್ಪ ಎರಡರ ಮೇಲೆ; ತೂಕ ಏರುವುದು ಉದ್ದ, ಅಗಲ, ದಪ್ಪ ಮೂರರ ಮೇಲೆ. ದೊಡ್ಡವರಾದಷ್ಟೂ ತೂಕ ಬಲವನ್ನು ಹಿಂದೆ ಹಾಕುತ್ತದೆ. ಆದ್ದರಿಂದ ಯಾರಾದರೂ ‘ನನ್ನ ವಿಧಾನದಲ್ಲಿ ಮೂರು ಪಟ್ಟು ಬಲ’ ಎಂದರೆ, ಯಾರ ತೂಕದ ಮೂರು ಪಟ್ಟು ಎಂದು ಕೇಳಿ.

ಮೂರು, ನರ ಕಲಿಯುವುದಕ್ಕೂ ಒಂದು ಮಿತಿ ಇದೆ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಅವರನ್ನೇ ನೋಡಿ. 2018ರ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಎತ್ತಿ ಬೆಳ್ಳಿ ಗೆದ್ದರು. ಆ ವರ್ಷವೇ 56ರ ವಿಭಾಗ ಹೋಗಿ ಹೊಸ ವಿಭಾಗಗಳು ಬಂದವು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಎತ್ತಿ ಕಂಚು. ಪೇಪರ್ ಪೆನ್ನು ಹಿಡಿದು ಭಾಗಿಸಿ ನೋಡಿ. ಎರಡು ಸಲವೂ ವಿಭಾಗದ ತೂಕದ 4.4 ಪಟ್ಟಿನ ಹತ್ತಿರವೇ. ಬಾರ್ ಮೇಲೆ ಇಪ್ಪತ್ತು ಕೆಜಿ ಏರಿದ್ದರ ಹಿಂದೆ ಮೇಲಿನ ವಿಭಾಗವೂ ಇದೆ. ಅವರಂಥವರಿಗೇ ಹೀಗೆ. ನಿಮಗಂತೂ ಮೊದಲ ಒಂದೆರಡು ವರ್ಷ ಮೈತೂಕ ಏರದೆಯೇ ಬಲ ಬೆಳೆಯುತ್ತದೆ. ಆಮೇಲೆ ಒಂದು ದಿನ ಬಾರ್ ನಿಲ್ಲುತ್ತದೆ. ಅವತ್ತು ಒಂದೆರಡು ಕೆಜಿ ಮಾಂಸಖಂಡ ಬೇಕೋ ಬೇಡವೋ ಎಂದು ನೀವೇ ಯೋಚಿಸಿ. ಇವತ್ತು 40 ಕೆಜಿಯಲ್ಲಿ ನಿಂತು ಆ ಚಿಂತೆ ಬೇಡ.

ರಕ್ತದೊತ್ತಡ ಇದ್ದರೆ ಡಾಕ್ಟರ್‌ಗೆ ತೋರಿಸದೆ ಇದ್ಯಾವುದನ್ನೂ ಶುರು ಮಾಡಬೇಡಿ. ಭಾರಕ್ಕೆ ಉಸಿರು ಬಿಗಿ ಹಿಡಿದಾಗ ಒತ್ತಡ ಜೋರಾಗಿ ಏರುತ್ತದೆ. ನಾನು ಈ ವಿಷಯದಲ್ಲಿ ಸ್ವಲ್ಪ ಅತಿ ಎಂದು ನನ್ನ ಹುಡುಗರು ನಗುತ್ತಾರೆ. ನಗಲಿ.

ಪ್ರಶ್ನೆ: ನಾನು ಹೆಂಗಸು, ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರ್ ಹಿಡಿದು ನೆಟ್ಟಗೆ ನಿಲ್ಲುವುದು) ಮಾಡಿದರೆ ಗಂಡಸಿನ ಥರ ಕಾಣುತ್ತೇನಾ? (ಶಿವಮೊಗ್ಗ)

ಉತ್ತರ: ಇಲ್ಲ. ಮುಂದಿನ ವರ್ಷ ಕೇಳಿದರೂ ಇಲ್ಲ.

ಪ್ರಶ್ನೆ: ಎಪಿಎಂಸಿಯಲ್ಲಿ ಹಮಾಲರು ಸಣಕಲು ಮೈಯಲ್ಲೇ ಚೀಲ ಹೊರುತ್ತಾರೆ. ನಮ್ಮ ಜಾತ್ರೆಯಲ್ಲಿ ಗುಂಡು ಕಲ್ಲು ಎತ್ತುವವರೂ ಜಿಮ್ ನೋಡಿದವರಲ್ಲ. ಹಾಗಾದರೆ ಜಿಮ್ ಯಾಕೆ? (ಬಾಗಲಕೋಟೆ)

ಉತ್ತರ: ಅವರು ದಿನಾ ಮಾಡುತ್ತಿರುವುದೇ ಅಭ್ಯಾಸ, ನಿಮಗೆ ಅದು ಕೂಲಿಯಾಗಿ ಕಾಣುತ್ತದೆ ಅಷ್ಟೇ. ಕಲ್ಲು ಎತ್ತುವವರ ಕೈಚಳಕ ನೋಡಿ. ನೆಲದಿಂದ ನೇರ ಭುಜಕ್ಕೆ ಹೋಗುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು, ಎದೆಗೆ ಅಪ್ಪಿಕೊಂಡು, ಆಮೇಲೆ ಸೊಂಟದಿಂದ ಎಸೆದ ಹಾಗೆ ಮೇಲೆ. ಬಲಕ್ಕಿಂತ ಹೆಚ್ಚು ಅಲ್ಲಿರುವುದು ಕಲ್ಲು ಮೈಗೆ ಎಷ್ಟು ಹತ್ತಿರ ಇದೆ ಅನ್ನುವುದು. ಬಾರ್‌ನಲ್ಲೂ ಅದೇ, ಮೈಯಿಂದ ನಾಲ್ಕು ಬೆರಳು ದೂರ ಹೋದರೆ ಸೊಂಟ ಹೇಳುತ್ತದೆ. ಹಮಾಲರದ್ದು ಬೇರೆ ಕಥೆ. ಚೀಲವನ್ನು ಇಬ್ಬರು ಎತ್ತಿ ಬೆನ್ನಿಗೆ ಕೊಡುತ್ತಾರೆ, ಇವರು ಹೊತ್ತು ನಡೆಯುತ್ತಾರೆ. ಹೊರುವ ಬಲ ಎತ್ತುವ ಬಲಕ್ಕಿಂತ ಬೇರೆ. ಅವರ ದಾರಿಯನ್ನು ಹೊಗಳುವ ಮೊದಲು ನಲವತ್ತೈದು ದಾಟಿದ ಹಮಾಲರೊಬ್ಬರ ಹತ್ತಿರ ಮೊಣಕಾಲಿನ ಬಗ್ಗೆ ಕೇಳಿ ಬನ್ನಿ. ಅವರಿಗೆ ‘ಇವತ್ತು ಭಾರ ಕಡಿಮೆ ಮಾಡಿ’ ಅನ್ನುವವರು ಇರಲಿಲ್ಲ. ಜಿಮ್ ಇರುವುದು ಅದಕ್ಕೆ.

ಪ್ರಶ್ನೆ: ಹಸಿ ಮೊಟ್ಟೆ ಕುಡಿದರೆ ಬಲ ಬೇಗ ಬರುತ್ತದಂತೆ?

ಉತ್ತರ: ಬೇಯಿಸಿದ ಮೊಟ್ಟೆಯ ಪ್ರೋಟೀನ್ ಹಸಿಯದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಸ್ಟವ್ ಹಚ್ಚಿ.

ಪ್ರಶ್ನೆ: ಜಿಮ್‌ನವರು ಆರು ವಾರದ ಇಂಜೆಕ್ಷನ್ ಕೋರ್ಸ್ ಹೇಳಿದ್ದಾರೆ, ‘ಗಾತ್ರ ಬರಲ್ಲ, ಬರೀ ಪವರ್’ ಅಂತ. ತೆಗೆದುಕೊಳ್ಳಲಾ?

ಉತ್ತರ: ಆ ಜಿಮ್ ಬಿಡಿ. ನಾಳೆ ಅಲ್ಲ, ಇವತ್ತೇ. ಇಂಜೆಕ್ಷನ್ ಚುಚ್ಚುವವನು ಡಾಕ್ಟರ್ ಅಲ್ಲ. ಸೀಸೆಯಲ್ಲಿ ಏನಿದೆ ಎಂದು ಅವನಿಗೂ ಗೊತ್ತಿರುವುದಿಲ್ಲ. ಈ ಆಟದಲ್ಲಿ ಉದ್ದೀಪನ ಮದ್ದಿನ ಕಳಂಕ ಇಲ್ಲ ಎಂದು ನಾನು ಹೇಳುವುದಿಲ್ಲ. ಮೂರು ಒಲಿಂಪಿಕ್ಸ್ ಚಿನ್ನ ಗೆದ್ದ ಟರ್ಕಿಯ ಲಿಫ್ಟರ್ ಹಾಲಿಲ್ ಮುಟ್ಲು ಅವರೇ 2005ರಲ್ಲಿ ಸಿಕ್ಕಿಬಿದ್ದು ಎರಡು ವರ್ಷ ಹೊರಗೆ ಕೂತರು. ಅವರ ಸುತ್ತ ತಂಡ ಇತ್ತು, ವೈದ್ಯರಿದ್ದರು. ನಿಮಗೆ ಇರುವುದು ಜಿಮ್‌ನ ಸ್ಟೋರ್ ರೂಮು.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ, ವೇಟ್‌ಲಿಫ್ಟಿಂಗ್ ಮಾಡುತ್ತಾನೆ. ಎರಡೂವರೆ ಕೆಜಿ ಇಳಿಸಿದರೆ ಕೆಳಗಿನ ವಿಭಾಗದಲ್ಲಿ ಪದಕ ಖಂಡಿತ. ಎರಡು ದಿನ ನೀರು ಬಿಡಿಸಿ ಸ್ವೆಟರ್ ಹಾಕಿ ಓಡಿಸಿದರೆ ಆಗುತ್ತದಾ? ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಎಂದೂ ಹೇಳುತ್ತಾರೆ. (ಉಡುಪಿ)

ಉತ್ತರ: ಎತ್ತರದ ಮಾತು ಬಿಡಿ. ಗಿಡ್ಡ ಇರುವವರು ಈ ಆಟದಲ್ಲಿ ಗೆಲ್ಲುತ್ತಾರೆ, ಅದಕ್ಕೇ ಗಿಡ್ಡವರು ಕಾಣುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಡಿ ಯಾರೂ ಉದ್ದ ಆಗಿಲ್ಲ ತಾನೇ? ಅವನ ಬೆಳವಣಿಗೆಗೆ ತೊಂದರೆ ಆಗುವುದಿದ್ದರೆ ತೂಕ ಇಳಿಸಲು ಮತ್ತೆ ಮತ್ತೆ ಊಟ, ನೀರು ಬಿಡಿಸುವ ಅಭ್ಯಾಸದಿಂದ ಆಗಬಹುದು.

ಸ್ವೆಟರ್ ಹಾಕಿ ಓಡಿದವನು ನಾನು. ಯೂನಿವರ್ಸಿಟಿ ಮೀಟ್, ಎರಡೂವರೆ ಅಲ್ಲ, ಎರಡೇ ಕೆಜಿ. ತೂಕದ ಯಂತ್ರದ ಮೇಲೆ ನಿಂತಾಗ ನಾಲಿಗೆ ಅಂಟಿಕೊಂಡಿತ್ತು, ಆದರೂ ಖುಷಿ. ನಮ್ಮ ಆಟದಲ್ಲಿ ತೂಕ ನೋಡಲು ಶುರು ಮಾಡುವುದೇ ಸ್ಪರ್ಧೆಗೆ ಎರಡು ಗಂಟೆ ಮೊದಲು. ಅಷ್ಟರಲ್ಲಿ ಎರಡು ದಿನದ ನೀರು ಮೈಗೆ ವಾಪಸ್ ಬರುವುದಿಲ್ಲ. ಸ್ನ್ಯಾಚ್‌ನಲ್ಲಿ ಮೂರಕ್ಕೆ ಮೂರೂ ಪ್ರಯತ್ನ ಹೋಯಿತು. ಮೂರನೆಯದರಲ್ಲಿ ತೊಡೆ ಹಿಡಿದುಕೊಂಡು ಅಲ್ಲೇ ಕೂತೆ. ನನಗೆ ಆಗ 21 ವರ್ಷ. ನಿಮ್ಮ ಮಗನಿಗೆ 15.

ದೊಡ್ಡವರು, ಕೋಚ್, ಡಾಕ್ಟರ್ ಎಲ್ಲ ಜೊತೆಗಿದ್ದೂ ಈ ಲೆಕ್ಕ ತಪ್ಪುತ್ತದೆ. ವಿನೇಶ್ ಫೋಗಟ್ ಪ್ಯಾರಿಸ್‌ನಲ್ಲಿ 100 ಗ್ರಾಂಗೆ ಫೈನಲ್ ಕಳೆದುಕೊಂಡದ್ದನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ. ಬೆಳೆಯುವ ಹುಡುಗನ ಮೈಯಲ್ಲಿ ಈ ಆಟ ಬೇಡ. ರಾತ್ರಿ ಊಟಕ್ಕೆ ಇನ್ನೆರಡು ಬಂಗುಡೆ ಹಾಕಿ. ಎಂಟ್ರಿ ಕೊಡುವ ದಿನ ತೂಕ ಎಷ್ಟಿದೆಯೋ ಆ ವಿಭಾಗವನ್ನೇ ಫಾರಂನಲ್ಲಿ ಬರೆಯಿರಿ. ಅವನ ಕೋಚ್ ಒಪ್ಪದಿದ್ದರೆ ಈ ಉತ್ತರ ಕತ್ತರಿಸಿ ತೋರಿಸಿ.