ಓದುತ್ತಿರುವಾಗ ದೇವರ ಕರೆಗೆ ಹೇಗೆ ಓಗೊಡಲಿ? ಕಷ್ಟದಲ್ಲಿರುವವರಿಗಾಗಿ ಹೇಗೆ ಪ್ರಾರ್ಥಿಸಲಿ?

ಬೀದರ್‌ನಲ್ಲಿ ನರ್ಸಿಂಗ್ ಓದುತ್ತಿದ್ದೀರಿ, ಕಾಲೇಜು ಬಿಟ್ಟು ಸುವಾರ್ತೆ ಸೇವೆಗೆ (ಯೇಸುವಿನ ಸಂದೇಶ ಸಾರುವ ಕೆಲಸಕ್ಕೆ) ಹೋಗಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಓದೇ ನಿಮ್ಮ ಕರೆ ಎಂದು ನನಗೆ ಅನಿಸುತ್ತದೆ. ಬೈಬಲಿನ ದಾನಿಯೇಲನಿಗೂ ರಾಜನ ಸೇವೆಗೆ ಸೇರುವ ಮುಂಚೆ ಬಾಬೆಲಿನಲ್ಲಿ ಮೂರು ವರ್ಷದ ಓದು ಇತ್ತು, ಅಲ್ವಾ?

ಪ್ರಾರ್ಥನೆಗೆ ಬೈಬಲಿನ ನೆಹೆಮೀಯನ ಪುಸ್ತಕದ ಮೊದಲ ಎರಡು ಅಧ್ಯಾಯ ಓದಿ. ಅವನು ಪರ್ಷಿಯಾದ ರಾಜನ ಅರಮನೆಯಲ್ಲಿ ಕೆಲಸದಲ್ಲಿದ್ದ ಯೆಹೂದ್ಯ. ಯೆರೂಸಲೇಮಿನವರ ಕಷ್ಟ ಕೇಳಿ ಅವನು ಅತ್ತ, ಉಪವಾಸ ಮಾಡಿದ. ಜನರ ಪಾಪ ಹೇಳುವಾಗ ತನ್ನನ್ನೂ ತನ್ನ ಮನೆಯವರನ್ನೂ ಸೇರಿಸಿಕೊಂಡ. ಆಮೇಲೆ ಎದ್ದು ಆ ಊರನ್ನು ಮತ್ತೆ ಕಟ್ಟಲು ರಾಜನ ಅಪ್ಪಣೆ ಕೇಳಿದ, ಅದರ ಬಾಗಿಲುಗಳಿಗೆ ಬೇಕಾದ ಮರಕ್ಕೂ ಪತ್ರ ಬರೆಸಿಕೊಂಡ.

"ಎಲ್ಲರನ್ನೂ ಆಶೀರ್ವದಿಸು" ಅಂತ ಸುಮ್ನೆ ಹೇಳಿ ಮುಗಿಸಬೇಡಿ. ಹೆಸರು ಹಿಡಿದು ಬೇಡಿ. ಮಳೆಗೆ ಸೋಯಾ ಕೊಳೆತು ಸಾಲಕ್ಕೆ ಸಿಕ್ಕ ಚಿಕ್ಕಪ್ಪ, ಫೀಸು ಕಟ್ಟಲಾಗದ ಹಾಸ್ಟೆಲ್ ಗೆಳತಿ. ಆದರೆ ಅವರನ್ನು ಕೇಳದೆ ಅವರ ಮನೆಯ ವಿಷಯವನ್ನು ಪ್ರಾರ್ಥನಾ ಕೂಟದಲ್ಲಿ ತೆಗೆಯಬೇಡಿ. ಇದರಿಂದ ತುಂಬಾ ನೋವಾಗುತ್ತದೆ. ಪ್ರಾರ್ಥಿಸಿದ ಮೇಲೆ ಆ ಗೆಳತಿಯ ಜೊತೆ ಕೂತು ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ. ಊಟವಿಲ್ಲದವರಿಗೆ ಬರೀ ಹಾರೈಸಿ ಕಳಿಸಿದರೆ ಏನು ಬಂತು ಎಂದು ಬೈಬಲಿನ ಯಾಕೋಬನ ಪತ್ರವೇ (2:15-16) ಕೇಳುತ್ತದೆ.

ಕೋರ್ಸ್ ಮುಗಿದ ಮೇಲೂ ಸೇವೆಯ ಆಸೆ ಹಾಗೇ ಇದ್ದರೆ ನಿಮ್ಮ ಚರ್ಚಿನ ಸಭಾಪಾಲಕರ ಹತ್ತಿರ, ಮನೆಯವರ ಹತ್ತಿರ ಕೂತು ಮಾತಾಡಿ. ನರ್ಸಿಂಗ್ ಕಲಿತವರಿಗೆ ಅಲ್ಲೂ ಕೆಲಸ ಜಾಸ್ತಿಯೇ ಇರುತ್ತದೆ.