ಸಂಪಾದಕರ ಉತ್ತರ: ಮಟ್ಟು ಯಾರದು, ಪಾಯ ಯಾರದು?

‘ಕಳೆದ ಸಂಚಿಕೆಯಲ್ಲಿ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸಿದ “ಕೋ-ಕೋ”ವನ್ನು ಹೊಗಳಿದ್ದೀರಿ. ಅದು ರೇ ನೋಬಲ್ ಬರೆದ “ಚೆರೋಕೀ” ಹಾಡಿನ ಕಾರ್ಡ್‌ಗಳನ್ನು (ಮಟ್ಟಿನ ಅಡಿಯಲ್ಲಿ ಒಟ್ಟಿಗೆ ಮೊಳಗುವ ಸ್ವರಗುಚ್ಛಗಳನ್ನು) ಸಾಲಿಗೆ ಸಾಲೇ ಎತ್ತಿಕೊಂಡದ್ದು. ಹೆಸರು ಬದಲಿಸಿದರೆ ಕದ್ದ ಮಾಲು ಸ್ವಂತದ್ದಾಗುತ್ತದೆಯೇ?’
– ಓದುಗರೊಬ್ಬರು, ಧಾರವಾಡ

ಕಿವಿ ಚುರುಕಾಗಿದೆ ಸ್ವಾಮಿ ನಿಮ್ಮದು. ಆ ವೇಗದಲ್ಲಿ ಅಡಿಯಲ್ಲಿ ಓಡುವ ಕಾರ್ಡ್‌ಗಳನ್ನು ಗುರುತಿಸುವುದು ಎಲ್ಲರ ಕೈಲಾಗದು. 1938ರ ಹಾಡಿಗೆ ಸಲ್ಲಬೇಕಾದ ಕಾಸು ಸಲ್ಲಲಿಲ್ಲ ಎಂಬ ತಕರಾರಿನಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ‘ಕದ್ದ ಮಾಲು’ ಎಂದಿರಲ್ಲ, ನನ್ನ ಜಗಳ ಅಲ್ಲಿ.

1945ರ ನವೆಂಬರ್ 26ರಂದು ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ನಡೆದದ್ದು ಧ್ವನಿಮುದ್ರಣದಲ್ಲೇ ಉಳಿದಿದೆ. ಮೊದಲ ಟೇಕಿನಲ್ಲಿ ಪಾರ್ಕರ್ ಮತ್ತು ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಪೀಠಿಕೆ ಮುಗಿಸಿ ‘ಚೆರೋಕೀ’ಯ ಮಟ್ಟನ್ನೇ ಹಿಡಿಯುತ್ತಾರೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಸಿಳ್ಳೆ, ಚಪ್ಪಾಳೆ. ವಾದ್ಯಗಳು ಗಕ್ಕನೆ ನಿಲ್ಲುತ್ತವೆ. ಮಟ್ಟು ನುಡಿಸಿದರೆ ರಾಯಲ್ಟಿ ತೆರಬೇಕಿತ್ತು, ಅದಕ್ಕೇ ತಡೆದರು ಎನ್ನುತ್ತಾರೆ. ಕಾನೂನು ಕಾಯುತ್ತಿದ್ದುದು ಮಟ್ಟನ್ನು, ಅಡಿಯ ಕಾರ್ಡ್‌ಗಳ ಸಾಲನ್ನಲ್ಲ. ಮುಂದಿನ ಟೇಕಿನಲ್ಲಿ ಮಟ್ಟೇ ಇಲ್ಲ! ಪೀಠಿಕೆ ಮುಗಿದದ್ದೇ ಪಾರ್ಕರ್‌ನ ಸ್ಯಾಕ್ಸೊಫೋನ್, 64 ಬಾರ್‌ಗಳ (ತಾಳದ ಘಟಕಗಳ) ಆವರ್ತ ಎರಡು ಸುತ್ತು. ಆಮೇಲೆ ಮ್ಯಾಕ್ಸ್ ರೋಚ್ ಡ್ರಮ್ಸ್. ಮೂರು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಅಂದು ಟ್ರಂಪೆಟ್ ಹಿಡಿದು ಬಂದಿದ್ದ 19ರ ಹುಡುಗ ಮೈಲ್ಸ್ ಡೇವಿಸ್ ಇದೊಂದಕ್ಕೆ ಕೈಹಾಕಲಿಲ್ಲ, ಗಿಲೆಸ್ಪಿಯೇ ನುಡಿಸಿದರು. ಇದರಲ್ಲಿ ನೋಬಲ್ ಅವರ ಮನೆಯ ಒಂದು ಕಿಟಕಿಯನ್ನಾದರೂ ತೋರಿಸಿ. ಪಾಯ ಮಾತ್ರ, ಅಂದರೆ ಅಡಿಯ ಕಾರ್ಡ್‌ಗಳ ಸಾಲು ಮಾತ್ರ, ಅವರದು.

ಅಂದಹಾಗೆ ನಿಮ್ಮ ಕೈತಪ್ಪಿದ ಆರೋಪ ಇನ್ನೊಂದಿದೆ: ‘ಕೋ-ಕೋ’ ಎಂಬ ಹೆಸರಿನ ಬೇರೊಂದು ಕೃತಿಯನ್ನು ಜಾಝ್ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್ 1940ರಲ್ಲೇ ಧ್ವನಿಮುದ್ರಿಸಿದ್ದರು.

ಸಂಗೀತ ಸಂಯೋಜಕ ಗರ್ಶ್ವಿನ್ ಅವರ ‘ಐ ಗಾಟ್ ರಿದಮ್’ ಪಾಯದ ಮೇಲೆ ಎದ್ದ ಮನೆಗಳಿಗೆ ಲೆಕ್ಕವಿಲ್ಲ. ‘ಹೌ ಹೈ ದ ಮೂನ್’ ಮೇಲೆ ‘ಆರ್ನಿಥಾಲಜಿ’ ಎದ್ದಿತು, ‘ಇಂಡಿಯಾನಾ’ ಮೇಲೆ ‘ಡಾನಾ ಲೀ’. ಈ ‘ಡಾನಾ ಲೀ’ಗೆ ಅಚ್ಚಾದದ್ದು ಪಾರ್ಕರ್ ಹೆಸರು, ಬರೆದವನು ನಾನು ಎಂದು ಡೇವಿಸ್ ಆತ್ಮಕಥೆಯಲ್ಲಿ ಹೇಳಿಕೊಂಡರು. ಕಳ್ಳತನ ಹುಡುಕುವ ಹುಮ್ಮಸ್ಸಿದ್ದರೆ ಹೆಸರು ಅಚ್ಚಾಗುವ ಇಂಥ ಜಾಗದಲ್ಲಿ ಹುಡುಕಿ. ಕಾರ್ಡ್‌ಗಳನ್ನು ಬಿಡಿ.

ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ಪತ್ರಿಕೆಯೊಂದು ನನ್ನ ಲೇಖನವನ್ನು ಅಲ್ಪವಿರಾಮವನ್ನೂ ಕದಲಿಸದೆ ಇನ್ಯಾರದೋ ಹೆಸರಿನಲ್ಲಿ ಅಚ್ಚುಹಾಕಿತ್ತು. ಫೋನ್ ಮಾಡಿದರೆ ‘ವಿಷಯ ಎಲ್ಲರದೂ ಅಲ್ವಾ ಸಾರ್’ ಎಂದರು. ವಿಷಯ ಎಲ್ಲರದೇ, ಆದರೆ ಆ ಅಲ್ಪವಿರಾಮಗಳು ನನ್ನವು. ಹದಿನೆಂಟು ವರ್ಷವಾಯಿತು, ಗೌರವಧನ ಇನ್ನೂ ಬಂದಿಲ್ಲ.